ಕೊಳಕ್ಕೆ ಹಾಲು, ಕೂಸಿಗೆ ಸುಣ್ಣ

ನಮ್ಮತ್ತೆ ದೊಡ್ಡಮುನಿಯಮ್ಮ ಮೂವತ್ತೊಂದು ವರ್ಷ ಹೊಸೂರಿನ ಹೋಟೆಲುಗಳಿಗೆ ಹಾಲು ಹಾಕಿದಳು. ಆ ಮೂವತ್ತೊಂದು ವರ್ಷವೂ ಹಾಲಿಗೆ ನೀರು ಹಾಕಿದಳು. ಸತ್ತವರ ಮೇಲೆ ಸುಳ್ಳು ಹೇಳಲು ನನಗೆ ಇಷ್ಟವಿಲ್ಲ, ಅದಕ್ಕೇ ಇದನ್ನು ಮೊದಲೇ ಬರೆದುಬಿಟ್ಟೆ.

ನೀರು ಹಾಕುವುದರಲ್ಲಿ ಅವಳಿಗೆ ಒಂದು ನೇಮ ಇತ್ತು. ನಾಲ್ಕು ಪಾವು ಹಾಲಿಗೆ ಒಂದು ಪಾವು ನೀರು. ಅದಕ್ಕಿಂತ ಹೆಚ್ಚು ಹಾಕುವವರು ಕಳ್ಳರು, ಕಡಿಮೆ ಹಾಕುವವರು ದಡ್ಡರು ಎನ್ನುತ್ತಿದ್ದಳು. ಇನ್ನೊಂದು ನೇಮವೂ ಇತ್ತು. ಹಸಿ ನೀರು ಹಾಕುತ್ತಿರಲಿಲ್ಲ. ಹಿಂದಿನ ದಿನವೇ ನೀರನ್ನು ಕುದಿಸಿ, ಮುಚ್ಚಿಟ್ಟು, ಆರಿಸಿ, ಬೆಳಗ್ಗೆ ಅದನ್ನು ಹಾಕುತ್ತಿದ್ದಳು. ಹಸಿ ನೀರು ಬಿದ್ದ ಹಾಲು ಮಧ್ಯಾಹ್ನಕ್ಕೆ ಒಡೆಯುತ್ತದೆ. ಕೊಳದ ನೀರಾದರೆ ಇನ್ನೂ ಬೇಗ. ಕುದಿಸಿದ ನೀರು ಬಿದ್ದರೆ ಸಂಜೆಯವರೆಗೂ ಹೋಟೆಲಿನವನಿಗೆ ಅನುಮಾನ ಬರುವುದಿಲ್ಲ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸಿಕ್ಕಿಬಿದ್ದು ಸಿಕ್ಕಿಬಿದ್ದು ಕಲಿತಿದ್ದಳು.

ಅವಳು ಸಿಕ್ಕಿಬಿದ್ದದ್ದರಲ್ಲಿ ದೊಡ್ಡದು ನಮ್ಮ ಊರಿನ ಮುತ್ತರಾಯಪ್ಪನ ಕೈಲಿ. ನಮ್ಮದು ಅವಲಪಲ್ಲಿ ದಾಟಿ ಒಂದು ಮೈಲಿ ಹೋದರೆ ಸಿಗುವ ಸಣ್ಣ ಊರು, ಅವನು ಅದರ ಗೌಡ. ನಾನು ಸೊಸೆಯಾಗಿ ಬರುವುದಕ್ಕೆ ಮುಂಚಿನ ಮಾತು ಇದು. ಒಂದು ದಿನ ಅವನು ಅರಳಿಕಟ್ಟೆಯ ಮುಂದೆ ಹತ್ತು ಜನರನ್ನು ಕೂರಿಸಿ, ಅವಳ ಬಿಂದಿಗೆಯಿಂದ ಒಂದು ತೊಟ್ಟು ಹಾಲನ್ನು ತನ್ನ ಹೆಬ್ಬೆರಳ ಉಗುರಿನ ಮೇಲೆ ಬಿಟ್ಟುಕೊಂಡ. ಒಳ್ಳೆಯ ಹಾಲಾದರೆ ಉಗುರಿನ ಮೇಲೆ ಮಣಿಯ ಹಾಗೆ ನಿಲ್ಲಬೇಕು. ಅದು ಜಾರಿ ಮೊಣಕೈವರೆಗೆ ಹರಿಯಿತು.

"ನೋಡ್ರಪ್ಪ, ಇದು ಹಾಲಲ್ಲ, ಪೆನ್ನಾರು ಹೊಳೆ" ಅಂದನಂತೆ.

"ನಿನ್ನ ಉಗುರಿನ ಮ್ಯಾಲೆ ನಿಲ್ಲಕ್ಕೆ ನನ್ನ ಹಾಲಿಗೂ ಅಸಹ್ಯ ಕಣ್ಲಾ. ಎಷ್ಟು ದಿನ ಆಯ್ತು ಕೈ ತೊಳುದು?" ಅಂದಳಂತೆ ನಮ್ಮತ್ತೆ. ಅವಳು ಅವನಿಗಿಂತ ಆರು ವರ್ಷ ದೊಡ್ಡವಳು, ಅದಕ್ಕೆ ಆ ಸಲಿಗೆ.

ಅವತ್ತಿನಿಂದ ಎರಡು ಮನೆಗೂ ಮಾತು ಬಿಟ್ಟಿತು. ನೀರು, ಬೆಂಕಿ, ಮಜ್ಜಿಗೆ ಯಾವುದೂ ಇಲ್ಲ. ಹೇಳಲೇಬೇಕಾದ ಮಾತಿದ್ದರೆ ನಮ್ಮ ಮನೆಯ ನಾಯಿಗೆ ಹೇಳುತ್ತಿದ್ದರು. "ಅಲ್ಲಾ ಕರಿಯ, ಅವರ ಹೋರಿ ನಮ್ಮ ರಾಗಿಗೆ ನುಗ್ಗಿದೆ ಅಂತ ಆ ಮನೆಯೋರಿಗೆ ತಿಳಿದೈತಾ?" ಎಂದು ಗೌಡ ನಾಯಿಯನ್ನು ಕೇಳುವನು. "ಕರಿಯ, ಬೇಲಿ ಹಾಕಕ್ಕೆ ಅವರಿಗೆ ಕೈಲಾಗಲ್ವಾ ಅಂತ ಕೇಳು" ಎಂದು ಅತ್ತೆ ಅದೇ ನಾಯಿಗೆ ಹೇಳುವಳು. ನಾಯಿ ಇಬ್ಬರ ಮುಖವನ್ನೂ ನೋಡಿ ಬಾಲ ಅಲ್ಲಾಡಿಸುತ್ತಿತ್ತು. ಹೀಗೆ ಹನ್ನೆರಡು ವರ್ಷ. ನಡುವೆ ಮೊದಲ ಕರಿಯ ಸತ್ತು, ಎರಡನೇ ಕರಿಯ ಬಂದಿತ್ತು.

ಜಪಾನಿನವರ ಯುದ್ಧ ನಡೆಯುತ್ತಿದ್ದ ಕಾಲ. ಅವರೆಕಾಯಿ ಬಿಡಿಸುವ ತಿಂಗಳು. ನಮ್ಮ ಊರಲ್ಲಿ ಇಲಿ ಸತ್ತು ಬಿದ್ದವು. ಮೊದಲ ದಿನ ಗೌಡರ ಕಣಜದ ಪಕ್ಕ ಮೂರು, ಮಾರನೇ ದಿನ ನಮ್ಮ ಒಲೆಯ ಹಿಂದೆ ಒಂದು. ಇಲಿ ಬಿದ್ದರೆ ಪ್ಲೇಗು, ಊರು ಬಿಡಬೇಕು ಎಂದು ಆಗ ಎಲ್ಲರಿಗೂ ಗೊತ್ತಿತ್ತು. ಮೂರನೇ ದಿನದ ಸಂಜೆಗೆ ಇಪ್ಪತ್ತೆರಡು ಮನೆಯವರೂ ಬಾಗಿಲು ಹಾಕಿ, ದನ, ಕೋಳಿ, ಒರಳುಕಲ್ಲು ಸಮೇತ ಹುಣಸೆ ತೋಪಿಗೆ ಬಂದು ಸೋಗೆ ಗುಡಿಸಲು ಹಾಕಿಕೊಂಡೆವು. ತೋಪಿನ ಪಕ್ಕ ಕಲ್ಲಿನ ಮೆಟ್ಟಿಲಿದ್ದ ಒಂದು ಕೊಳ ಇತ್ತು. ಕುಡಿಯಲು, ತೊಳೆಯಲು, ಎಮ್ಮೆಗೆ, ನಮಗೆ ಎಲ್ಲದಕ್ಕೂ ಅದೇ ನೀರು.

ಆಗ ನನ್ನ ಮಗಳು ಅಂಜಮ್ಮನಿಗೆ ಏಳು ತಿಂಗಳು. ಗೌಡನ ಸೊಸೆ ಕನಕಮ್ಮ ಹೆತ್ತು ಬರೀ ಐದು ದಿನ ಆಗಿತ್ತು, ಗಂಡು ಮಗು. ಅವಳ ಗಂಡ ಚಿನ್ನಸ್ವಾಮಿ ಪಟಾಲಂ ಸೇರಿ ಬರ್ಮಾ ಕಡೆ ಹೋಗಿದ್ದ. ಕಾಗದ ಬಂದು ನಾಲ್ಕು ತಿಂಗಳಾಗಿತ್ತು. ಹಾಗಾಗಿ ಆ ಮನೆಯವರಿಗೆ ಆ ಮಗು ಬರೀ ಮಗು ಅಲ್ಲ. ಅದರ ಅಜ್ಜಿ ನರಸಮ್ಮ ಅದನ್ನು ಒಂದು ಗಳಿಗೆಯೂ ಕೆಳಗೆ ಇಳಿಸುತ್ತಿರಲಿಲ್ಲ.

ತೋಪಿಗೆ ಬಂದ ಮಾರನೇ ದಿನ ಸೂಜಿ ಹಾಕುವವರು ಬಂದು ಎಲ್ಲರಿಗೂ ಚುಚ್ಚಿದರು. ಎಲ್ಲರಿಗೂ ಸ್ವಲ್ಪ ಜ್ವರ ಬಂತು, ತೋಳು ಊದಿತು. ಕನಕಮ್ಮನಿಗೆ ಬಾಣಂತಿ ಮೈ, ಜ್ವರ ಜಾಸ್ತಿ ಬಂತು, ಕಂಕುಳಲ್ಲಿ ಒಂದು ನಿಂಬೆಕಾಯಿ ಗಾತ್ರ ಗಂಟು ಬಂತು. ಕಂಕುಳ ಗಂಟು ಕಂಡ ಕೂಡಲೇ ಇದು ಪ್ಲೇಗೇ ಎಂದು ಮುತ್ತರಾಯಪ್ಪ ತೀರ್ಮಾನಿಸಿಬಿಟ್ಟ. ಮಗುವನ್ನು ಕಿತ್ತುಕೊಂಡು ನರಸಮ್ಮನ ಕೈಗೆ ಕೊಟ್ಟು, ಸೊಸೆಯನ್ನು ತೋಪಿನ ಆ ತುದಿಯಲ್ಲಿ ಬೇರೆ ಗುಡಿಸಲಿನಲ್ಲಿ ಇಟ್ಟ. ಮಗುವಿಗೆ ನಾಲ್ಕು ದಿನ ಬೆಲ್ಲದ ನೀರು, ಬಟ್ಟೆ ಅದ್ದಿ ಚೀಪಿಸಿದರು. ಮೊದಲ ದಿನ ಅದರ ಅಳು ಇಡೀ ತೋಪಿಗೆ ಕೇಳುತ್ತಿತ್ತು. ನಾಲ್ಕನೇ ದಿನ ಪಕ್ಕದ ಗುಡಿಸಲಲ್ಲಿದ್ದ ನನಗೂ ಕೇಳಲಿಲ್ಲ.

ಐದನೇ ದಿನ ಹೆಲ್ತ್ ಇನ್ಸ್‌ಪೆಕ್ಟರು ಬಂದರು. ಸೇಲಂ ಕಡೆಯವರು, ಒಳ್ಳೆಯ ಮನುಷ್ಯ, ಕನ್ನಡ ತೆಲುಗು ಎರಡೂ ಬಾರದು. ಕನಕಮ್ಮನ ಗಂಟು ಮುಟ್ಟಿ ನೋಡಿ, ಜ್ವರ ಬಿಟ್ಟಿದ್ದನ್ನು ನೋಡಿ, "ಇದು ಪ್ಲೇಗ್ ಇಲ್ಲೆ, ಊಸಿ" ಅಂದರು. ಊಸಿ ಎಂದರೆ ಸೂಜಿ ಎಂದು ತೋಳು ತೋರಿಸಿದ್ದರಿಂದ ಎಲ್ಲರಿಗೂ ತಿಳಿಯಿತು. ಆದರೆ ಅಷ್ಟರಲ್ಲಿ ಅವಳ ಎದೆ ಕಟ್ಟಿ, ನೊಂದು, ಆಮೇಲೆ ಬತ್ತಿಹೋಗಿತ್ತು. ನರಸಮ್ಮ ಕೈಸನ್ನೆ ಮಾಡಿ ತೋರಿಸಿದಳು. ಇನ್ಸ್‌ಪೆಕ್ಟರು ನಾಚಿಕೊಂಡು ಗಾಡಿಯ ಹತ್ತಿರ ಹೋಗಿ ಎರಡು ಡಬ್ಬಿ ತಂದರು. ಎರಡೂ ಒಂದೇ ಅಳತೆಯ ತಗಡಿನ ಡಬ್ಬಿ. ಎರಡರಲ್ಲೂ ಬಿಳಿ ಪುಡಿ. ಮೇಲಿನ ಕಾಗದ ಇಂಗ್ಲಿಷಿನಲ್ಲಿತ್ತು.

ನಮ್ಮ ಊರಲ್ಲಿ ತಮಿಳು ಬರುವವನು ತಾನೊಬ್ಬನೇ ಎಂದು ಮುತ್ತರಾಯಪ್ಪ ಹೇಳಿಕೊಂಡಿದ್ದ. ಒಂದು ವ್ಯಾಜ್ಯಕ್ಕಾಗಿ ಕೃಷ್ಣಗಿರಿ ಕೋರ್ಟಿಗೆ ಏಳು ಸಲ ಹೋಗಿಬಂದವನು. ಆ ವ್ಯಾಜ್ಯ ಸೋತದ್ದು ಯಾಕೆ ಎಂದು ನಮಗೆ ಅರ್ಥವಾದದ್ದು ಈ ಡಬ್ಬಿಗಳ ದಿನ.

ಇನ್ಸ್‌ಪೆಕ್ಟರು ಒಂದೊಂದೇ ಡಬ್ಬಿ ಮುಟ್ಟಿ ನಿಧಾನವಾಗಿ ಹೇಳಿದರು: "ಇಂದ ಪವುಡರ್ ಕುಳಂದೈಕ್ಕು. ಅಂದ ಪವುಡರ್ ತಣ್ಣಿಕ್ಕು. ಮಾತ್ತಿಡಾದೀಂಗ." ನಾನು ಮೂರು ಮಾರು ದೂರದಲ್ಲಿ ಅಂಜಮ್ಮನನ್ನು ಎತ್ತಿಕೊಂಡು ನಿಂತಿದ್ದೆ, ಅದಕ್ಕೇ ಸರಿಯಾಗಿ ನೆನಪಿದೆ. ಗೌಡ ತಲೆ ಆಡಿಸಿದ. ಗಾಡಿ ಹೋಯಿತು.

ಗೌಡ ಜನಕ್ಕೆಲ್ಲ ತಿರುಗಿ ಅರ್ಥ ಹೇಳಿದ. "ಕುಳಂ ಅಂದ್ರೆ ಕೊಳ. ಈ ಪೌಡ್ರು ಕೊಳಕ್ಕೆ ಉಯ್ಯಬೇಕು. ತಣ್ಣಿ ಅಂದ್ರೆ ನೀರು. ಆ ಪೌಡ್ರು ನೀರಲ್ಲಿ ಕದಡಿ ಮಗೂಗೆ ಕೊಡಬೇಕು."

"ಕಡೇಲಿ ಅದೇನೋ ಅಂದ್ರಲ್ಲಾ?" ಎಂದು ಯಾರೋ ಕೇಳಿದರು.

"ಮಾತ್ತಿಡಾದೀಂಗ. ಅಂದ್ರೆ ಮಾತಾಡಬ್ಯಾಡಿ ಅಂತ. ಸುಮ್ನೆ ಹೇಳಿದಂಗೆ ಮಾಡಿ ಅಂತ" ಅಂದು ನಮ್ಮ ಗುಡಿಸಲಿನ ಕಡೆ ನೋಡಿದ. "ಕರಿಯ, ಕೇಳಿಸ್ಕೊಂಡ್ಯಾ? ಸರ್ಕಾರದೋರೇ ಅಂದವ್ರೆ, ಮಾತಾಡಬ್ಯಾಡಿ ಅಂತ."

ಕುಳಂದೈ ಎಂದರೆ ತಮಿಳಿನಲ್ಲಿ ಕೂಸು. ಮಾತ್ತಿಡಾದೀಂಗ ಎಂದರೆ ಅದಲುಬದಲು ಮಾಡಬೇಡಿ. ಇದು ನಮಗೆ ಆಮೇಲೆ ತಿಳಿಯಿತು. ಅವತ್ತು ಕೂಸಿನ ಹಾಲುಪುಡಿ ಕೊಳಕ್ಕೆ ಹೋಯಿತು. ಕೊಳದ ಹುಳ ಸಾಯಿಸುವ ಸುಣ್ಣದಂಥ ಪುಡಿ ಕೂಸಿನ ಪಾಲಿಗೆ ಬಂತು.

ಆ ಪುಡಿಯ ಗಾಟು ಮುಚ್ಚಳ ತೆಗೆದರೆ ಹತ್ತು ಮಾರು ಹೊಡೆಯುತ್ತದೆ, ಗೌಡನಿಗೆ ಗೊತ್ತಾಗಲಿಲ್ಲವೇ ಎಂದು ಕೇಳಬಹುದು. ಗೌಡ ದಿನಕ್ಕೆ ಒಂದು ಡಬ್ಬಿ ನಶ್ಯ ಏರಿಸುವವನು. ಅವನ ಮೂಗು ಉಸಿರಾಡುವುದು ಬಿಟ್ಟರೆ ಬೇರೆ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿತ್ತು. ನರಸಮ್ಮನಿಗೆ ವಾಸನೆ ಬಂದಿತ್ತು. "ಏನ್ರೀ, ಕಣ್ಣು ಉರಿತೈತೆ" ಅಂದಳಂತೆ. "ಔಷಧಿ ಅಂದ್ಮೇಲೆ ಉರೀತದೆ, ಕಲಸು" ಅಂದನಂತೆ.

ನಮ್ಮತ್ತೆ ಆ ಹೊತ್ತಿಗೆ ಎಮ್ಮೆಗೆ ನೀರು ಕುಡಿಸಲು ಕೊಳಕ್ಕೆ ಹೋಗಿದ್ದಳು. ಅವಳ ಹಿಂದೆ ನಾನು ಅಂಜಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಿಂದಿಗೆ ಹಿಡಿದು ಹೋಗಿದ್ದೆ. ಮೂರನೇ ಮೆಟ್ಟಿಲ ಹತ್ತಿರ ನೀರು ಬೆಳ್ಳಗಿತ್ತು, ಮೇಲೆ ಪುಡಿಯ ಗಂಟು ತೇಲುತ್ತಿದ್ದವು. ಕರಿಯ ಅದನ್ನು ನೆಕ್ಕುತ್ತಿತ್ತು. ನಾಯಿ ನೆಕ್ಕುವುದನ್ನು ಕಂಡು ಅತ್ತೆ ನಿಂತಳು. ಕುಕ್ಕರಗಾಲಲ್ಲಿ ಕೂತು ಒಂದು ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡಳು. ಇನ್ನೊಂದು ಸಲ ಹಚ್ಚಿಕೊಂಡಳು. ಅವಳ ಮುಖ ನಾನು ಹಾಗೆ ಯಾವತ್ತೂ ನೋಡಿರಲಿಲ್ಲ.

"ಅಶ್ವತ್ಥಿ, ಇದು ಹಾಲು ಕಣೇ."

"ಕೊಳದಲ್ಲಿ ಹಾಲಾ ಅತ್ತೆ?"

"ಹಾಲೇ. ಹಾಲಲ್ಲೇ ಬದುಕಿರೋಳು ನಾನು, ನಂಗೆ ಗೊತ್ತಾಗಲ್ವಾ? ಇದು ಹಾಲಾದ್ರೆ," ಎಂದು ಎದ್ದಳು, "ಆ ಮಗೂಗೆ ಕಲಸ್ತಿರೋದು ಏನು?"

ಐವತ್ತೆಂಟು ವರ್ಷದ ಹೆಂಗಸು, ಎರಡೂ ಮೊಣಕಾಲು ನೋವು. ಸೀರೆ ಎತ್ತಿ ಕಟ್ಟಿ ಓಡಿದಳು. ನಾನು ಬಿಂದಿಗೆ ಅಲ್ಲೇ ಬಿಟ್ಟು ಹಿಂದೆ ಓಡಿದೆ. ನರಸಮ್ಮ ಗುಡಿಸಲ ಮುಂದೆ ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿ, ಬೆಳ್ಳಿಯ ಒಳಲೆ ತುಂಬಿಕೊಂಡು ಅದರ ಮೂತಿಯನ್ನು ಮಗುವಿನ ತುಟಿಗೆ ಇಡುತ್ತಿದ್ದಳು. ಒಳಲೆ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುತ್ತದೆ, ಮಗುವಿಗೆ ಹಾಲು ಹಾಕುವ ದೋಣಿಯಂಥ ಸಣ್ಣ ಪಾತ್ರೆ.

"ಮುತ್ತರಾಯಾ!"

ಹನ್ನೆರಡು ವರ್ಷದಲ್ಲಿ ನಾಯಿಯ ಮೂಲಕ ಅಲ್ಲದೆ ನೇರವಾಗಿ ಆಡಿದ ಮೊದಲ ಮಾತು. ಗೌಡ ಬೆಚ್ಚಿ ತಿರುಗಿದ. ಅವನು ತಿರುಗುವಷ್ಟರಲ್ಲಿ ಅತ್ತೆ ನರಸಮ್ಮನ ಕೈಗೆ ಹೊಡೆದಿದ್ದಳು. ಒಳಲೆ ಹಾರಿತು. ಒಳಗಿದ್ದದ್ದೆಲ್ಲ ನರಸಮ್ಮನ ಮಡಿಲಿಗೆ ಚೆಲ್ಲಿತು. ಮಗುವಿನ ಬಾಯಿಗೆ ಒಂದು ತೊಟ್ಟೂ ಹೋಗಿರಲಿಲ್ಲ. ನಾನು ನನ್ನ ಸೆರಗಿನಿಂದ ಅದರ ತುಟಿ ಒರೆಸಿ, ಒರೆಸಿದ ಜಾಗ ಮೂಸಿ ನೋಡಿದೆ, ವಾಸನೆ ಇರಲಿಲ್ಲ.

"ಹುಚ್ಚು ಹಿಡೀತಾ ನಿಂಗೆ!" ಅಂದ ಗೌಡ.

"ಮೂಗಿದ್ರೆ ಮೂಸ್ಲಾ. ಇಲ್ದಿದ್ರೆ ಹೆಂಡ್ತಿ ಸೀರೆ ನೋಡು."

ನರಸಮ್ಮ ಉಟ್ಟಿದ್ದು ಅಚ್ಚ ಕೆಂಪು ಸೀರೆ. ಪುಡಿಯ ನೀರು ಬಿದ್ದ ಕಡೆ ಬಣ್ಣ ಮೆಲ್ಲಗೆ ಬಿಡುತ್ತಿತ್ತು. ನಾವೆಲ್ಲ ನೋಡುತ್ತಾ ನಿಂತೆವು. ಕೆಂಪು ಮೊದಲು ಕಿತ್ತಳೆಯಾಯಿತು, ಆಮೇಲೆ ಹಳದಿ, ಸಂಜೆಯ ಹೊತ್ತಿಗೆ ಒಂದು ಮೊರದಗಲ ಬಿಳಿ. ನರಸಮ್ಮ ಆ ಸೀರೆಯನ್ನು ಸಾಯುವವರೆಗೂ ಇಟ್ಟುಕೊಂಡಿದ್ದಳು. ಗಂಡ ಜೋರು ಮಾಡಿದಾಗಲೆಲ್ಲ ತೆಗೆದು ಹಗ್ಗದ ಮೇಲೆ ಒಣಗಹಾಕುತ್ತಿದ್ದಳು.

"ಹಂಗಾದ್ರೆ ಹಾಲು ಪೌಡ್ರು..." ಅಂದ ಗೌಡ.

"ಕೊಳದಲ್ಲೈತೆ, ಹೋಗಿ ಕರ್ಕೋ. ಇಪ್ಪತ್ತೇಳು ವರ್ಷದಿಂದ ಹಾಲಿಗೆ ನೀರು ಹಾಕ್ತಾ ಇವ್ನಿ ಕಣಪ್ಪ ಮುತ್ತರಾಯ, ಒಂದು ಡಬ್ಬಿಗೆ ಒಂದು ಕೊಳ ನೀರು ನಾನೂ ಯಾವತ್ತೂ ಬೆರ್ಸಿಲ್ಲ. ನಿನ್ನ ಕಾಲಿಗೆ ಬೀಳಬೇಕು."

ಜನ ನಕ್ಕರು. ಆದರೆ ಮಗು ಅಳಲಿಲ್ಲ, ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು. ಅದನ್ನು ನೋಡಿದ ಮೇಲೆ ಯಾರಿಗೂ ನಗು ಉಳಿಯಲಿಲ್ಲ. ಹುಟ್ಟಿ ಹನ್ನೊಂದು ದಿನ, ಅದರಲ್ಲಿ ನಾಲ್ಕು ದಿನ ಬರೀ ಬೆಲ್ಲದ ನೀರು. ಬೆಳಗಿನಿಂದ ಒಂದೇ ಬಟ್ಟೆ ಒದ್ದೆ ಮಾಡಿತ್ತು.

ಗೌಡ ಇನ್ನೊಂದು ಡಬ್ಬಿಗೆ ಹೊಸೂರಿಗೆ ಆಳು ಕಳಿಸುತ್ತೇನೆ ಅಂದ. ಇಲಿ ಬಿದ್ದ ಊರಿನವರನ್ನು ರಸ್ತೆಯಲ್ಲೇ ತಡೆಯುತ್ತಿದ್ದರು, ಡಬ್ಬಿ ಬರುವುದಕ್ಕೆ ಎರಡು ದಿನವೋ ನಾಲ್ಕು ದಿನವೋ. ಎಮ್ಮೆ ಹಾಲು ಕೊಡೋಣ ಎಂದು ಯಾರೋ ಅಂದರು. "ಎಮ್ಮೆ ಹಾಲು ಎಮ್ಮೆ ಕರೂಗೆ. ಇದಕ್ಕೆ ಕೊಂಬು ಬಂದವಾ?" ಅಂದಳು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, "ಕೂತ್ಕೊ" ಅಂದಳು.

ನಾನು ಕೂತೆ. ಅಂಜಮ್ಮನನ್ನು ಅತ್ತೆಯ ಕೈಗೆ ಕೊಟ್ಟು ಕೈ ಚಾಚಿದೆ. ಮುತ್ತರಾಯಪ್ಪ ನಡುವೆ ಬಂದು ನಿಂತ.

"ಆ ಮನೆ ಹಾಲು ನಮ್ಮ ಮಗೂಗೆ ಬ್ಯಾಡ. ಊರೋರ ಮುಂದೆ ನಾನೇ ನೀರ್ ಹಾಲು ಅಂದೋನು. ಈಗ ಅದನ್ನೇ ಕುಡಿಸಿ ತಲೆ ತಗ್ಗಿಸ್ಲಾ?"

"ಈ ಹಾಲಿಗೆ ನೀರು ಹಾಕಕ್ಕೆ ಆಗಲ್ಲ ಗೌಡ. ಆಗಿದ್ರೆ ಹಾಕ್ತಿದ್ದೆ" ಅಂದಳು ಅತ್ತೆ.

ಅಲ್ಲಿಯವರೆಗೆ ಗಂಡನಿಗೆ ಎದುರು ಮಾತಾಡದ ನರಸಮ್ಮ ಎದ್ದು ನಿಂತಳು. ಸೀರೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. "ನಿಮ್ಮ ಮೀಸೆ ಹಿಂಡಿದ್ರೆ ಹಾಲು ಬರ್ತದಾ? ಬರೋದಾದ್ರೆ ಹೇಳಿ, ಹಿಂಡ್ತೀನಿ. ಇಲ್ದಿದ್ರೆ ಅತ್ಲಾಗೆ ಸರೀರಿ" ಎಂದು ಮಗುವನ್ನು ನನ್ನ ಮಡಿಲಿಗೆ ಹಾಕಿದಳು. ಮಗು ಎರಡು ಸಲ ಬಾಯಿ ತಪ್ಪಿಸಿ ಮೂರನೇ ಸಲ ಹಿಡಿಯಿತು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ ನಾನು. ಎರಡು ಮಕ್ಕಳಿಗೂ ನಾನೇ ಕೊಡುತ್ತೇನೆ ಅಂದೆ. ಅತ್ತೆ ಒಪ್ಪಲಿಲ್ಲ. "ಎಷ್ಟು ದಿನ ಕೊಡ್ತೀಯ? ಇಲಿ ನಿಂತ ಮ್ಯಾಲೆ ಊರಿಗೆ ಹೋಗ್ತೀವಿ. ಈ ಗೌಡ ಮತ್ತೆ ನಾಯಿ ಜೊತೆ ಮಾತಾಡಕ್ಕೆ ಶುರು ಮಾಡ್ತಾನೆ. ಆವಾಗ ಮಗು ಯಾರ ಮನೆ ಬಾಗ್ಲಿಗೆ ಬರಬೇಕು? ಹಾಲು ಅವನ ಮನೇಲೇ ಇರಬೇಕು" ಅಂದಳು.

"ಕನಕಂಗೆ ಬತ್ತೋಯ್ತಲ್ಲ ಅಕ್ಕ, ಹೆದರಿಕೆಗೆ" ಅಂದಳು ನರಸಮ್ಮ.

"ಹೆದರಿಕೆಗೆ ಬತ್ತಲ್ಲ. ಚೀಪೋ ಬಾಯಿ ಇಲ್ದೆ ಬತ್ತೋಗ್ತದೆ. ಜವಳಗಿರಿ ಕಾಡಿನ ಆನೆ ಬಂದು ಕೊಟ್ಟಿಗೆ ಮುರುದಾಗ ನನ್ನ ಎಮ್ಮೆ ಮೂರು ದಿನ ನಡುಗ್ತಿತ್ತು. ಕರು ಬಿಟ್ಟೆ, ಹಾಲು ಇಳಿಸ್ತು. ಅದೇ ಕರು ಸತ್ತ ಎಮ್ಮೆ ಹುಲ್ಲು ತಿಂದ್ಕಂಡು ಹಾಯಾಗಿದ್ರೂ ಬತ್ತೋಗ್ಬುಡ್ತದೆ. ನಾಕು ದಿನ ಮಗು ಕಿತ್ಕಂಡ್ರಿ, ಬತ್ತು. ಈಗ ಮಗು ಹಾಕಿ, ಹಾಲು ಬರ್ತದೆ. ಎಂಟು ಹತ್ತು ದಿನ ಆಗಬೌದು."

ಇನ್ಸ್‌ಪೆಕ್ಟರು ಹೋದ ಮೇಲೆ ತಮ್ಮ ಗುಡಿಸಲಿಗೆ ವಾಪಸ್ಸು ಕರೆತಂದಿದ್ದ ಕನಕಮ್ಮ ಒಳಗಿನಿಂದ, "ನಾನು ಎಮ್ಮೆನಾ ದೊಡ್ಡಮ್ಮ?" ಅಂದಳು.

"ಎಮ್ಮೆ ಆಗಿದ್ರೆ ಇಷ್ಟು ಪ್ರಶ್ನೆ ಕೇಳ್ತಿರಲಿಲ್ಲ ಕಣವ್ವ, ಸುಮ್ನೆ ಸೆರಗು ತೆಗಿ."

ಅವಳು ಮಾಡಿಸಿದ್ದನ್ನು ಸರಿಯಾಗಿ ಬರೆಯುತ್ತೇನೆ. ನಾನು ಕೈ ತೊಳೆದು, ಕುದಿಯುವ ನೀರಲ್ಲಿ ಅದ್ದಿ ತೆಗೆದ ಒಳಲೆಗೆ ಹಾಲು ಹಿಂಡಿ ಕೊಡುವುದು. ಮಗುವನ್ನು ಕನಕಮ್ಮನ ಎದೆಗೆ ಹಾಕುವುದು. ಹಾಲು ಬಾರದೆ ಅದು ಸಿಟ್ಟಾಗಿ ಬಿಡುವ ಹೊತ್ತಿಗೆ, ಒಳಲೆಯಿಂದ ತೊಟ್ಟು ತೊಟ್ಟಾಗಿ ಎದೆಯ ಮೇಲೆ ಬಿಡುವುದು. ಹಾಲು ಹರಿದು ಮಗುವಿನ ಬಾಯಿಗೆ ಹೋಗುತ್ತದೆ. ಹಾಲು ಅಲ್ಲಿಂದಲೇ ಬಂತು ಎಂದುಕೊಂಡು ಅದು ಮತ್ತೆ ಚೀಪುತ್ತದೆ. "ಹೋಟೆಲಿನೋನಿಗೆ ಮಾಡೋ ಮೋಸಕ್ಕಿಂತ ಇದು ಸಣ್ಣ ಮೋಸ" ಅನ್ನುತ್ತಿದ್ದಳು. ಬೆಳಗಿನಿಂದ ಬೆಳಗಿನವರೆಗೆ ಹತ್ತು ಸಲ. ಇನ್ನೂ ಹೊಟ್ಟೆ ತುಂಬದಿದ್ದರೆ ನಾನು ನೇರವಾಗಿ ಕೊಡುವುದು. ಒದ್ದೆಯಾದ ಬಟ್ಟೆಗೆ ಒಂದೊಂದು ಗಂಟು ಎಂದು ಗುಡಿಸಲ ಕಂಬಕ್ಕೆ ಒಂದು ದಾರ ಕಟ್ಟಿದಳು. ಮಗು ಕುಡಿದದ್ದು ಎಷ್ಟು ಎಂದು ಕಣ್ಣಿಗೆ ಕಾಣುವುದಿಲ್ಲ, ಹೊರಗೆ ಬಂದದ್ದು ಕಾಣುತ್ತದೆ ಎಂಬುದು ಅವಳ ಲೆಕ್ಕ. ಮೊದಲ ದಿನ ಎರಡು ಗಂಟು. ಮೂರನೇ ದಿನ ಐದು.

ಬಾಣಂತಿಯ ಊಟದ ಮೇಲೂ ಜಗಳ ಆಯಿತು. ನರಸಮ್ಮ ಪಥ್ಯ ಎಂದು ಸೊಸೆಗೆ ದಿನಕ್ಕೆ ಎರಡು ಲೋಟ ನೀರು ಮಾತ್ರ ಕೊಡುತ್ತಿದ್ದಳು. ಅತ್ತೆ ತಂಬಿಗೆಯನ್ನೇ ಕನಕಮ್ಮನ ಪಕ್ಕ ಇಟ್ಟಳು.

"ಬಾಣಂತಿಗೆ ನೀರಾ ಅಕ್ಕ!"

"ಬಾಯಾರಿದೋಳ್ಗೆ ನೀರು ಕೊಡದೆ ಹಾಲು ಕೇಳ್ತೀಯಾ? ಹಾಲಿಗೆ ನೀರು ಹಾಕೋ ವಿಚಾರದಲ್ಲಿ ನಂಗೆ ಹೇಳ್ಬ್ಯಾಡ ನರಸಿ."

ನೀರು, ರಾಗಿ ಅಂಬಲಿ, ಹುರುಳಿ ಸಾರು, ಸಬ್ಬಸಿಗೆ ಸೊಪ್ಪು. ಎಲ್ಲ ಕುದಿಸಿದ್ದೇ. ಕೊಳದ ನೀರು ಆ ವಾರ ಸ್ವಲ್ಪ ನಾರುತ್ತಿತ್ತು. ಮೂರನೇ ದಿನಕ್ಕೆ ಕೊಳ ಮೊಸರಾಗಿತ್ತು, ಕಡೆದು ಬೆಣ್ಣೆ ತೆಗೆದೆ ಎಂದು ಅತ್ತೆ ಆಮೇಲೆ ಎಲ್ಲರಿಗೂ ಹೇಳುತ್ತಿದ್ದಳು. ಅದು ಸುಳ್ಳು. ಬರೀ ನಾರುತ್ತಿತ್ತು ಅಷ್ಟೇ. ಉಳಿದ ಸುಣ್ಣದ ಪುಡಿಯನ್ನು ಗೌಡನೇ ಹೊತ್ತುಕೊಂಡು ಹೋಗಿ ಯಾರೂ ನೋಡದಾಗ ಕೊಳಕ್ಕೆ ಹಾಕಿ ಬಂದ. ನಾನು ನೋಡಿದೆ.

ಐದನೇ ದಿನ ಪಕ್ಕದ ಊರಿನ ತೋಪಿನಿಂದ ಕದಿರಪ್ಪ ಎಂಬುವನು ಬಂದು ದೂರದಲ್ಲೇ ನಿಂತ. ಅವನ ತಂಗಿಗೂ ಎಳೆ ಮಗು. ಅವರಿಗೂ ಹಾಲುಪುಡಿಯ ಡಬ್ಬಿ ಸಿಕ್ಕಿತ್ತು, ಅವರು ಸರಿಯಾದ ಡಬ್ಬಿಯನ್ನೇ ಸರಿಯಾಗಿ ಮಗುವಿಗೆ ಕೊಟ್ಟಿದ್ದರು. ಕೆರೆಯ ಹಸಿ ನೀರಲ್ಲಿ ಕದಡಿ, ಯಾರೋ ಕೊಟ್ಟ ರಬ್ಬರು ತೊಟ್ಟಿನ ಸೀಸೆಗೆ ತುಂಬಿ, ಬೆಳಗ್ಗೆ ಕಲಸಿದ್ದನ್ನು ಸಂಜೆಯವರೆಗೆ.

"ಈಗ ಹೆಂಗೈತೆ ಮಗು?" ಅಂದ ಗೌಡ.

"ಭೇದಿ ಹತ್ತಿ ಹೋಗ್ಬುಡ್ತಣ್ಣ. ನಿನ್ನೆ."

ನಮ್ಮತ್ತೆ ಅವನಿಗೆ ಅಂಬಲಿ ಕೊಟ್ಟು, ತಂಗಿಯ ಎದೆ ಕಟ್ಟಿಕೊಂಡರೆ ಸ್ವಲ್ಪ ಸ್ವಲ್ಪವೇ ಹಿಂಡಿ ಇಳಿಸಲು ಹೇಳು ಎಂದು ಮಾತ್ರ ಹೇಳಿ ಕಳಿಸಿದಳು. ಹೊಸೂರಿಗೆ ಆಳು ಕಳಿಸುವ ಮಾತನ್ನು ಗೌಡ ಮತ್ತೆ ಎತ್ತಲಿಲ್ಲ. ಅವತ್ತಿನಿಂದ ಒಳಲೆ ಕುದಿಸುವ ನೀರಿಗೆ ಸೌದೆ ಅವನೇ ಒಡೆದು ತಂದು ಹಾಕಿದ. ಹಾಕಿ, "ಕರಿಯ, ಸೌದೆ ಸಾಕಾ ಅಂತ ಕೇಳು" ಅನ್ನುತ್ತಿದ್ದ. ಅಭ್ಯಾಸ.

ಎಂಟನೇ ದಿನ ಐದು ಗಂಟು ಇದ್ದದ್ದು ಏಳಾಯಿತು. ಒಂಬತ್ತನೇ ದಿನ ಬೆಳಗ್ಗೆ ನಾನು ಒಳಲೆ ಹಿಡಿದು ಕನಕಮ್ಮನ ಪಕ್ಕ ಕೂತಿದ್ದೆ. ಇನ್ನೂ ಬಗ್ಗಿಸಿರಲಿಲ್ಲ. ಮಗುವಿನ ತುಟಿಯ ಮೂಲೆಯಲ್ಲಿ ಬೆಳ್ಳಗೆ ಕಂಡಿತು.

"ಚೆಲ್ಲಿದ್ಯಾ?" ಅಂದಳು ಅತ್ತೆ.

"ಇಲ್ಲ ಅತ್ತೆ. ತುಂಬಾ ಐತೆ ನೋಡಿ."

ಅತ್ತೆ ಬಗ್ಗಿ, ಮಗುವಿನ ತುಟಿಯಿಂದ ಆ ತೊಟ್ಟನ್ನು ಬೆರಳಿಗೆ ತೆಗೆದುಕೊಂಡು ಹೊರಗೆ ಹೋದಳು. ಗೌಡ ಸೌದೆ ಒಡೆಯುತ್ತಿದ್ದ. ಅವನ ಕೈ ಹಿಡಿದು ಹೆಬ್ಬೆರಳ ಉಗುರಿನ ಮೇಲೆ ಆ ತೊಟ್ಟು ಇಟ್ಟಳು. ಅದು ನಿಂತಿತ್ತು ಎಂದು ಅವಳು ಹೇಳುತ್ತಿದ್ದಳು, ಬಾಣಂತಿ ಹಾಲು ತೆಳ್ಳಗಿರುತ್ತದೆ, ನಿಂತಿರಲಾರದು. ಆದರೆ ಗೌಡ ಕೈ ಅಲ್ಲಾಡಿಸದೆ ಉಗುರನ್ನೇ ನೋಡುತ್ತಾ ಕೂತಿದ್ದದ್ದು ನಿಜ. ನಶ್ಯದ ಮೂಗನ್ನು ಎರಡು ಸಲ ಒರೆಸಿಕೊಂಡ.

ಅದಾದ ಎರಡು ದಿನಕ್ಕೆ ಇನ್ಸ್‌ಪೆಕ್ಟರ ಗಾಡಿ ಬಂತು. ಇಳಿದವರೇ, "ಕುಳಂದೈ ಎಪ್ಪಡಿ ಇರುಕ್ಕು?" ಅಂದರು. ಗೌಡ ಎದೆ ಸೆಟೆಸಿ, ತನಗೆ ಬರುವ ತಮಿಳಿನಲ್ಲಿ, ಕೊಳ ಚೆನ್ನಾಗಿದೆ, ಮೊದಲು ಬೆಳ್ಳಗಾಗಿತ್ತು, ನಾಯಿ ನೆಕ್ಕಿತು, ಎಮ್ಮೆ ಇಳಿದು ಹೊರಳಾಡಿತು, ಈಗ ಪರವಾಗಿಲ್ಲ ಎಂದು ವಿವರವಾಗಿ ಹೇಳಿದ. ಇನ್ಸ್‌ಪೆಕ್ಟರ ಮುಖ ನೋಡುವ ಹಾಗಿತ್ತು. ಓಡಿಬಂದು ನರಸಮ್ಮನ ಕೈಲಿದ್ದ ಮಗುವನ್ನು ಮುಟ್ಟಿ, "ಕುಳಂದೈ! ಇದು ಕುಳಂದೈ!" ಅಂದರು. ಮಗು ಅವರ ಕೈಗೆ ಉಚ್ಚೆ ಹೊಯ್ಯಿತು. ಅವತ್ತಿನ ಆರನೇ ಗಂಟು.

ಆ ಮಾತಿನ ಅರ್ಥ ಮುತ್ತರಾಯಪ್ಪನಿಗೆ ತಿಳಿದದ್ದು ಆವಾಗ. ನಮ್ಮೆಲ್ಲರಿಗೂ ಆವಾಗಲೇ. ಆ ಮಗುವಿಗೆ ಆಮೇಲೆ ಏನೇನೋ ದೇವರ ಹೆಸರು ಇಟ್ಟರು, ಊರಲ್ಲಿ ಯಾರೂ ಕರೆಯಲಿಲ್ಲ. ಕೊಳಪ್ಪ ಎಂದೇ ಉಳಿಯಿತು. ಅವನ ಅಪ್ಪ ಚಿನ್ನಸ್ವಾಮಿ ಯುದ್ಧ ಮುಗಿದ ಮೇಲೆ ಒಂದು ಕಿವಿ ಕೇಳದೆ ವಾಪಸ್ಸು ಬಂದು, ಮಗನ ಹೆಸರು ಕೇಳಿ, ತನಗೆ ಸರಿಯಾಗಿ ಕೇಳಿಸಲಿಲ್ಲ ಎಂದೇ ಅಂದುಕೊಂಡ.

ಇನ್ಸ್‌ಪೆಕ್ಟರು ಇನ್ನೊಂದು ಹಾಲುಪುಡಿ ಡಬ್ಬಿ ಇಳಿಸಿದರು. ಅತ್ತೆ ಅದನ್ನು ಮಗುವಿನ ಹತ್ತಿರ ಸೇರಿಸಲಿಲ್ಲ. "ಇದನ್ನ ತಾಯಿಗೆ ಹಾಕಿ. ತಾಯಿ ಮಗೂಗೆ ಹಾಕ್ಕಂತಾಳೆ" ಎಂದು ಅರ್ಧ ಡಬ್ಬಿಯನ್ನು ಕನಕಮ್ಮನ ಅಂಬಲಿಯಲ್ಲಿ ಕುದಿಸಿದಳು. ಇನ್ನರ್ಧ ಎಲ್ಲಿಗೆ ಹೋಯಿತು ಎಂದು ಯಾರೂ ಕೇಳಲಿಲ್ಲ. ಊರಿಗೆ ವಾಪಸ್ಸು ಹೋದ ಮೇಲೆ ಹೊಸೂರಿನ ಹೋಟೆಲಿನವನು, "ಏನಮ್ಮ, ಈಚೆಗೆ ನಿನ್ನ ಹಾಲು ಗಟ್ಟಿ" ಎಂದು ಹೊಗಳಿದ್ದನ್ನು ಮಾತ್ರ ನಾನು ಕೇಳಿದ್ದೇನೆ.

ಊರಿಗೆ ಬಂದ ಮಾರನೇ ದಿನವೇ ಗೌಡನ ಮನೆಯಿಂದ ತಂಬಿಗೆ ಬಂತು. ಹನ್ನೆರಡು ವರ್ಷದ ಮೇಲೆ ಆ ಮನೆಗೆ ನಮ್ಮ ಹಾಲು. ಅತ್ತೆ ಸಾಯುವವರೆಗೆ ನಾಲ್ಕು ವರ್ಷ ಕೊಟ್ಟಳು. ಗೌಡ ಮತ್ತೆ ಯಾವತ್ತೂ ಉಗುರಿನ ಮೇಲೆ ಬಿಟ್ಟು ನೋಡಲಿಲ್ಲ. ಅವಳ ಹೆಣ ಎತ್ತುವಾಗ ಮೊದಲ ಹೆಗಲು ಕೊಟ್ಟವನು ಅವನು. ಆ ಮನೆಯ ಹಾಲಿಗೆ ಮಾತ್ರ ದೊಡ್ಡಮುನಿಯಮ್ಮ ನೀರು ಹಾಕುತ್ತಿರಲಿಲ್ಲ ಎಂದು ಅವತ್ತು ಎಲ್ಲರ ಮುಂದೆ ಹೇಳಿ ಅತ್ತ. ನಾಲ್ಕು ಪಾವಿಗೆ ಒಂದು ಪಾವು, ಆ ಮನೆಗೂ ಹಾಕುತ್ತಿದ್ದಳು. ಆ ನೀರನ್ನು ದಿನಾ ಕುದಿಸಿ, ಮುಚ್ಚಿಟ್ಟು, ಆರಿಸಿ ಕೊಡುತ್ತಿದ್ದವಳು ನಾನೇ.